ಖಾಲಿ ತೊಟ್ಟಿಲಿಗೊಂದು ಗುಂಡುಕಲ್ಲು

ಮೊನ್ನೆ ಭತ್ತದ ಹುಲ್ಲು ಹೇರಿದ ಟ್ರಾಕ್ಟರೊಂದು ಸಾಸ್ವೆಹಳ್ಳಿಯಿಂದ ಹೊನ್ನಾಳಿಯವರೆಗೂ ನನ್ನ ಬೈಕಿಗೆ ದಾರಿ ಕೊಡದೆ ಸತಾಯಿಸಿತು. ಮನೆ ಸೇರುವಷ್ಟರಲ್ಲಿ ಅಂಗಿಯಲ್ಲಿ, ಮೀಸೆಯಲ್ಲಿ ಎಲ್ಲ ಹುಲ್ಲು. ಬೈಯಬೇಕಾದವನು ನಕ್ಕುಬಿಟ್ಟೆ. ಡಿಸೆಂಬರಿನಲ್ಲಿ ಹೊಸ ಹುಲ್ಲಿನ ವಾಸನೆ ಬಂತೆಂದರೆ ನನಗೆ ಸ್ಟೆಲ್ಲಾ ಟೀಚರ್ ನೆನಪಾಗುತ್ತಾರೆ.

ಅವರು ಶಿವಮೊಗ್ಗದಿಂದ ವರ್ಗವಾಗಿ ಬಂದು ನಮ್ಮ ಮನೆಯ ಮುಂಭಾಗದಲ್ಲಿ ಬಾಡಿಗೆಗಿದ್ದರು. "ಕ್ರಿಶ್ಚಿಯನ್ರಂತೆ, ಹೆಂಗೋ ಏನೋ" ಎಂದು ಅನುಮಾನಿಸಿದ್ದ ನಮ್ಮವ್ವ, ಅವರ ಶುಂಠಿ ಕಾಫಿ ಕುಡಿದ ಮೇಲೆ ಅಲ್ಲೇ ಠಿಕಾಣಿ ಹೂಡಿದಳು. ಆಗ ನಮ್ಮ ಮನೆಯಲ್ಲಿದ್ದದ್ದು ಒಂದೇ ಚಿಂತೆ. ನನಗೆ ಮದುವೆಯಾಗಿ ವರ್ಷಗಳಾಗಿದ್ದರೂ ಮಕ್ಕಳಿರಲಿಲ್ಲ. ಬೆಳಗಾದರೆ ಅವ್ವ ನನ್ನ ಹೆಂಡತಿ ಶೈಲಾಳನ್ನು, "ಏನಾರ ವಿಶೇಷ ಐತೇನವ್ವ?" ಎಂದು ಕೇಳುವಳು. ಶೈಲಾ ಕಣ್ಣು ತುಂಬಿಕೊಂಡು ಅಡುಗೆಮನೆಗೆ ಹೋಗುವಳು. ನಾನೋ, ಸರಿಯಾಗಿ ಆ ಹೊತ್ತಿಗೇ ಪೇಪರಿನಲ್ಲಿ ಅಡಿಕೆ ಧಾರಣೆ ಓದುವ ಶೂರ.

ಕ್ರಿಸ್ಮಸ್ಸಿಗೆ ಇನ್ನೂ ವಾರಗಟ್ಟಲೆ ಇರುವಾಗಲೇ ಟೀಚರ್ ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟಿದರು. ಮಣ್ಣಿನ ದನ, ಕುರಿ, ಮೇರಿ, ಜೋಸೆಫ್ ಎಲ್ಲರೂ ಹಾಜರು. ನಡುವೆ ಬೊಗಸೆಯಗಲದ ತೊಟ್ಟಿಲು ಮಾತ್ರ ಖಾಲಿ. ನಮ್ಮ ಕಡೆ ಹೆಂಗಸರಿಗೆ ಖಾಲಿ ತೊಟ್ಟಿಲು ಕಂಡರೆ ಜೀವ ತಡೆಯುವುದಿಲ್ಲ. ನಾಮಕರಣದ ದಿನ ಕೂಸಿಗಿಂತ ಮೊದಲು ಗುಂಡುಕಲ್ಲನ್ನಾದರೂ ಮಲಗಿಸಿ ತೂಗುತ್ತಾರೆ, ನೀವೂ ನೋಡಿರುತ್ತೀರಿ. ಟೀಚರ್ ಸ್ಕೂಲಿಗೆ ಹೋದ ಹೊತ್ತು ನೋಡಿ ಅವ್ವ, ಖಾರ ಅರೆಯುವ ಗುಂಡುಕಲ್ಲನ್ನು ತೊಳೆದು, ವಿಭೂತಿ ಹಚ್ಚಿ, ಅದರಲ್ಲಿ ಮಲಗಿಸಿ ಬಂದಳು. ತೊಟ್ಟಿಲಿನ ಒಂದು ಕಾಲು ಮುರಿಯಿತು.

ಸಂಜೆ ಟೀಚರ್ ಗುಂಡುಕಲ್ಲು ಹಿಡಿದುಕೊಂಡೇ ಬಂದರು. ಕಣ್ಣಲ್ಲಿ ನೀರು. ನೋಡಿದರೆ ಅದು ನಕ್ಕೂ ನಕ್ಕೂ ಬಂದದ್ದು.

"ಅಮ್ಮ, ನಮ್ ಯೇಸುಗೆ ಯಾವಾಗ್ರೀ ಲಿಂಗಧಾರಣೆ ಮಾಡ್ಸಿದ್ರಿ?"

"ಖಾಲಿ ತೊಟ್ಲು ಇಡಬಾರ್ದು ಟೀಚರಮ್ಮ, ಅಪಶಕುನ."

"ಇದು ಆಗಮನ ಕಾಲ ಅಮ್ಮ. ಕೂಸು ಬರೋದು ಕ್ರಿಸ್ಮಸ್ಸಿಗೇನೇ. ಅಲ್ಲಿ ತಂಕ ಖಾಲಿ ಇಟ್ಟೇ ಕಾಯ್ಬೇಕು. ಒಂದೊಂದು ಒಳ್ಳೆ ಕೆಲ್ಸ ಮಾಡ್ದಾಗ್ಲೂ ಒಂದೊಂದು ಹುಲ್ಲಿನೆಳೆ ಹಾಕ್ಬೇಕು. ಕೂಸು ಬರೋ ಹೊತ್ತಿಗೆ ಹಾಸಿಗೆ ಮೆತ್ತಗಾಗಿರ್ಬೇಕಲ್ರೀ."

ಅವ್ವ ಅಡುಗೆಮನೆಯ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಸೊಸೇನ ದಿನಾ ಕೇಳೋದು ಬಿಟ್ರೆ ಎಷ್ಟು ಎಳೆ ಹಾಕ್ಬೌದು?"

ಈ ಸಲ ಟೀಚರ್ ನಗಲಿಲ್ಲ. "ಒಂದು ಹೊರೇನೇ ಹಾಕ್ರಮ್ಮ."

ಮರುದಿನ ಅವ್ವ ನಿಜವಾಗಿಯೂ ಒಂದು ಹೊರೆ ತಂದು ಸುರಿದಳು. ಜೋಸೆಫ್ ದನದ ಸಮೇತ ನಾಪತ್ತೆಯಾದ. ಆದರೆ ಹುಟ್ಟುಗುಣ ಸುಟ್ಟರೂ ಹೋಗದಲ್ಲ, ಬೆಳಗ್ಗೆ "ಏನಾರ..." ಎಂದು ಬಾಯಿಗೆ ಬಂದೇ ಬಿಡುತ್ತಿತ್ತು. ತಕ್ಷಣ ನುಂಗಿಕೊಂಡು, "ಏನಾರ ಪಲ್ಯ ಐತೇನವ್ವ?" ಎನ್ನುತ್ತಿದ್ದಳು. ಆ ತಿಂಗಳು ಶೈಲಾ ದಿನಕ್ಕೆರಡು ಪಲ್ಯ ಮಾಡಿದಳು.

ಟೀಚರಿಗೆ ಮತ್ತೆ ವರ್ಗವಾಯಿತು. ನಮಗೆ ಇನ್ನೂ ಮಕ್ಕಳಾಗಿಲ್ಲ. ಆ ನೋವು ಹೋಗಿದೆ ಎಂದರೆ ಸುಳ್ಳಾದೀತು.

ಮೊನ್ನೆ ನಾನು ಮೈಯ ಹುಲ್ಲು ಕೊಡವಿಕೊಳ್ಳುತ್ತಿದ್ದಾಗ ತ್ಯಾವಣಿಗೆಯಿಂದ ನನ್ನ ಸೋದರತ್ತೆ ಬಂದಳು. ಚಪ್ಪಲಿ ಬಿಡುವ ಮೊದಲೇ ಶೈಲಾಳಿಗೆ ಅದೇ ಪ್ರಶ್ನೆ. ಶೈಲಾ ಎದ್ದಳು. ಅವ್ವ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಬರೋರು ಬರ್ತಾರೆ ಬಿಡೇ. ಕಾಯಾಕೆ ನಾವಿಬ್ರು ಇದೀವಿ" ಎಂದವಳು ನನ್ನತ್ತ ತಿರುಗಿದಳು. "ಏನ್ ನೋಡ್ತಾ ನಿಂತೀಯಾ? ಕಾಫಿ ಮಾಡ್ಕಂಡು ಬಾ ಹೋಗು."

ವಿಶೇಷದ ಪ್ರಶ್ನೆ ಬಂದಾಗ ಅಡುಗೆಮನೆಗೆ ಹೋದವನು ಈ ಸಲ ನಾನು.