ಕಪಾಟಿನಲ್ಲಿ ಯಾರ ಪುಸ್ತಕ

ನನ್ನ ತಂಗಿಗೆ ಸುರಪುರದ ವರ ಬಂದಾಗ ಶಹಾಪುರದ ನಮ್ಮ ತವರುಮನೆಯಲ್ಲಿ ಎಲ್ಲರಿಗೂ ಖುಷಿಯಾಯಿತು. ನನಗೊಬ್ಬಳಿಗೆ ಅನುಮಾನ ಬಂತು. ಹುಡುಗ ಖಾಸಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾನೆ, ನೋಡಲು ಲಕ್ಷಣವಾಗಿದ್ದಾನೆ, ಒಬ್ಬನೇ ಮಗ, ಚಟವಿಲ್ಲ, ಓದುವ ಹುಚ್ಚು ಬೇರೆ. ಅವರ ಕಡೆಯಿಂದ ಒಂದು ಬೇಡಿಕೆಯೂ ಇಲ್ಲ. ಮದುವೆ ಗುಡಿಯಲ್ಲಿ ಸಣ್ಣದಾಗಿ ಆದರೆ ಸಾಕು, ಹೆಚ್ಚು ಮಂದಿಯನ್ನು ಕರೆಯುವುದು ಬೇಡ ಎಂದು ಅವರೇ ಹೇಳಿ ಕಳಿಸಿದ್ದರು.

"ಇಷ್ಟ್ ಛಲೋ ವರ ಇಲ್ಲೀತನಕ ಹ್ಯಾಂಗ್ ಉಳದಾನವ್ವಾ?" ಎಂದು ಕೇಳಿದೆ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು: "ನಿನಗ ಛಲೋ ಮಂದಿನ ಕಂಡ್ರ ಆಗಂಗಿಲ್ಲ. ಆ ಪತ್ತೇದಾರಿ ಪುಸ್ತಕ ಓದಿ ಓದಿ ತಲಿ ಕೆಡಿಸ್ಕೊಂಡಿ."

ಅವ್ವನ ಆರೋಪ ಪೂರ್ತಿ ಸುಳ್ಳಲ್ಲ. ನಾನು ಯಾದಗಿರಿಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮಕ್ಕಳಿಗೆ ಪದ್ಯ ಹೇಳಿಕೊಡುವವಳು ಮನೆಗೆ ಬಂದು ಕೊಲೆ, ಕಳ್ಳತನದ ಕಾದಂಬರಿ ಹಿಡಿದು ಕೂಡುತ್ತಾಳೆಂದು ನನ್ನ ಯಜಮಾನರು ಇಂದಿಗೂ ನಗುತ್ತಾರೆ. ಅವರ ಮೇಲೂ ಒಮ್ಮೆ ನನ್ನ ಅನುಮಾನ ತಿರುಗಿತ್ತು. ಪ್ರತಿ ಭಾನುವಾರ ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಲ್ಲಿಗೋ ಹೋಗಿಬರುತ್ತಿದ್ದರು, ಕೇಳಿದರೆ ಗೆಳೆಯರ ಹೆಸರು ಹೇಳುತ್ತಿದ್ದರು. ನಾನು ಒಳಗೊಳಗೇ ಬೆಂದು, ಕೊನೆಗೆ ಒಂದು ಸಂಜೆ ಹಿಂದೆಯೇ ಹೋದೆ. ಮಠದ ಪಕ್ಕದ ಕೋಣೆಯಲ್ಲಿ ಅವರು ಹಾರ್ಮೋನಿಯಂ ಕಲಿಯುತ್ತಿದ್ದರು. ನಲವತ್ತು ದಾಟಿದ ಮೇಲೆ ಸರಿಗಮ ಕಲಿಯುವುದಕ್ಕೆ ನಾಚಿಕೆಯಾಗಿ ಮನೆಯಲ್ಲಿ ಹೇಳಿರಲಿಲ್ಲ. ಆ ದಿನದಿಂದ ನನ್ನ ಅನುಮಾನಗಳ ಮೇಲೆಯೇ ನನಗೆ ಒಂದಿಷ್ಟು ಅನುಮಾನ.

ಹಾಗಾಗಿ ಸುರಪುರದವರ ವಿಷಯದಲ್ಲಿ ಬಾಯಿ ಮುಚ್ಚಿಕೊಂಡೆ. ಮನೆ ನೋಡಲು ಹೋಗುವ ದಿನ ಅಪ್ಪ, ಅವ್ವ, ನಾನು ಕಾರಿನಲ್ಲಿ ಹೊರಟೆವು. ತಂಗಿಗೆ ಲ್ಯಾಬಿನಲ್ಲಿ ರಜೆ ಸಿಗಲಿಲ್ಲ. ಅವಳು ಶಹಾಪುರದ ಒಂದು ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತ ಕೊಯ್ಲಿಗೆ ಬಂದಿತ್ತು, ರಸ್ತೆಯ ಬದಿಯಲ್ಲಿ ಮೆಣಸಿನಕಾಯಿ ಒಣ ಹಾಕಿದ್ದರು. ದಾರಿಯುದ್ದಕ್ಕೂ ಅಪ್ಪ ವರನ ಗುಣಗಾನ ಮಾಡುತ್ತ ಬಂದರು. ವರನ ಮನೆಯವರು ಹೋದ ವರ್ಷವಷ್ಟೇ ರಾಯಚೂರು ಬಿಟ್ಟು ಸುರಪುರಕ್ಕೆ ಬಂದು ನೆಲೆಸಿದ್ದಾರೆ ಎಂಬುದು ಆಗ ಗೊತ್ತಾಯಿತು.

"ಯಾಕ್ ಬಿಟ್ರಂತ?" ಎಂದೆ.

"ನೌಕರಿ ಇಲ್ಲಿ ಸಿಕ್ಕದಲ್ಲ, ಅದಕ್ಕ. ನೀ ಸುಮ್ನ ಕೂಡು" ಎಂದರು ಅಪ್ಪ.

ಮನೆ ಗುಡ್ಡದ ಇಳಿಜಾರಿನ ಓಣಿಯಲ್ಲಿತ್ತು. ಚೊಕ್ಕವಾಗಿತ್ತು. ವರನ ತಾಯಿ ಚುರುಮುರಿಯ ಮಂಡಾಳ ಒಗ್ಗರಣೆ, ಮಿರ್ಚಿ ಭಜಿ ತಂದಿಟ್ಟು ನಗುನಗುತ್ತಲೇ ಮಾತಾಡಿದರು. "ನಂಗ ಅಕ್ಷರ ಬರಂಗಿಲ್ರಿ. ಬರೇ ನನ್ ಮಗನ ಓದು ನೋಡಿ ಖುಷಿಪಡ್ತೀನಿ" ಎಂದು ಗೋಡೆಯ ಗಾಜಿನ ಕಪಾಟಿನ ಕಡೆ ಕೈ ತೋರಿಸಿದರು. ನಾನು ಎದ್ದು ಹೋಗಿ ನೋಡಿದೆ. ಪುಸ್ತಕದ ಕಪಾಟು ಕಂಡರೆ ಕುಳಿತಲ್ಲಿ ಕೂರಲು ನನಗಾಗುವುದಿಲ್ಲ.

ಮೇಲಿನ ಅರೆಗಳಲ್ಲಿ ರಸಾಯನಶಾಸ್ತ್ರದ ದಪ್ಪ ಪುಸ್ತಕಗಳು, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು, ಇತಿಹಾಸ. ಎಲ್ಲ ನೆಟ್ಟಗೆ, ಧೂಳಿಲ್ಲದೆ ನಿಂತಿದ್ದವು. ಕೆಳಗಿನ ಅರೆ ಬೇರೆಯೇ ಲೋಕ. ಒಂದು ಅಡುಗೆ ಪುಸ್ತಕ, ಅದರ ಪುಟಗಳಿಗೆ ಅರಿಶಿನ, ಎಣ್ಣೆ ಹತ್ತಿ ಹಾಳೆ ಪಾರದರ್ಶಕವಾಗಿತ್ತು. ಮಾಸಿದ ಸಾಮಾಜಿಕ ಕಾದಂಬರಿಗಳು. ಎರಡು ಕವನ ಸಂಕಲನ. ತಾಯಿ ಮಗುವಿನ ಆರೈಕೆಯ ಒಂದು ಪುಸ್ತಕ. ಹೊಲಿಗೆ ಕಲಿಸುವ ಇನ್ನೊಂದು. ಓದು ಬಾರದ ತಾಯಿ, ಅಕ್ಕತಂಗಿಯರಿಲ್ಲದ ಒಬ್ಬನೇ ಮಗ. ಈ ಅರಿಶಿನ ಯಾರ ಕೈಯದು?

"ಅಡಿಗಿ ಪುಸ್ತಕಾನೂ ಓದತೀರೇನ್ರಿ?" ಎಂದು ವರನನ್ನು ಕೇಳಿದೆ, ತಮಾಷೆಯಂತೆ.

ಅವರು ಉತ್ತರಿಸುವ ಮೊದಲು ತಾಯಿಯ ಮುಖ ನೋಡಿದರು. ತಾಯಿಯೇ ಹೇಳಿದರು: "ಹಳೇ ಪುಸ್ತಕ ಮಾರೋರ ಹತ್ರ ಗಂಟು ಹೊತ್ಕೊಂಡು ಬಂದಿದ್ದನ್ರೀ. ಅದರಾಗ ಏನೇನ್ ಬಂತೋ ಏನೋ."

ಇರಬಹುದು ಎಂದುಕೊಂಡು ಹೊಲಿಗೆಯ ಪುಸ್ತಕ ತೆರೆದೆ. ಒಳಗಿನಿಂದ ರವಿಕೆಯ ತೋಳಿನ ಆಕಾರಕ್ಕೆ ಕತ್ತರಿಸಿದ ದಿನಪತ್ರಿಕೆಯ ತುಂಡು ಕೆಳಗೆ ಬಿತ್ತು. ಅಂಚಿಗೆ ಸೀಮೆಸುಣ್ಣದ ನೀಲಿ ಗೆರೆ. ಆ ತಾಯಿ ನನಗಿಂತ ಮೊದಲೇ ಬಗ್ಗಿ ಅದನ್ನು ಎತ್ತಿ, ಸೆರಗಿನಲ್ಲಿ ಸೇರಿಸಿ, "ಚಾ ಆರಾಕತ್ತದ, ಬರ್ರಿ" ಎಂದರು. ಕೆಳಗೆ ಬಿದ್ದ ರದ್ದಿ ಕಾಗದವನ್ನು ಯಾರಾದರೂ ಸೆರಗಿನಲ್ಲಿ ಸೇರಿಸುತ್ತಾರೆಯೇ?

ಶಹಾಪುರಕ್ಕೆ ಮರಳಿದ ಮೇಲೆ ತಂಗಿಯನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಆ ಮನೆಯಲ್ಲಿ ಒಬ್ಬ ಹೆಂಗಸು ಬಾಳಿದ್ದಾಳೆ, ಅದನ್ನು ಮುಚ್ಚಿಡುತ್ತಿದ್ದಾರೆ ಎಂದೆ. ಮುಂದೇನು ಮಾಡಬೇಕೆಂಬುದೂ ನನ್ನ ತಲೆಯಲ್ಲಿ ಸಿದ್ಧವಾಗಿತ್ತು: ರಾಯಚೂರಿಗೆ ಹೋಗುವುದು, ಹಳೆಯ ಓಣಿ ಹುಡುಕುವುದು, ಬಾಡಿಗೆ ಮನೆ ಬೇಕೆಂಬ ನೆಪದಲ್ಲಿ ನೆರೆಯವರನ್ನು ಮಾತಿಗೆಳೆಯುವುದು.

ತಂಗಿ ಪೂರ್ತಿ ಕೇಳಿಸಿಕೊಂಡಳು. ಅವಳು ಓದುವುದು ಆತ್ಮಕಥೆಗಳನ್ನು. ಚಿಕ್ಕಂದಿನಿಂದಲೂ ಹಾಗೆ. ಕಟ್ಟಿದ ಕತೆ ಅವಳಿಗೆ ಹಿಡಿಸುವುದಿಲ್ಲ.

"ಅಕ್ಕಾ, ನಿನ್ನ ಕಾದಂಬರಿಯೊಳಗ ಯಾರೂ ಯಾರನ್ನೂ ಸೀದಾ ಕೇಳಂಗಿಲ್ಲ. ಕೇಳಿದ್ರ ಹತ್ತನೇ ಪುಟಕ್ಕ ಕತಿ ಮುಗೀತದ" ಎಂದಳು.

"ಕೇಳಿದ್ರ ಖರೆ ಹೇಳ್ತಾರಂತ ಏನ್ ಗ್ಯಾರಂಟಿ?"

"ಮಂದಿ ತಮ್ಮ ಬಗ್ಗೆ ಹೇಳಾಕ ಕಾಯಾಕತ್ತಿರ್ತಾರ. ಸುಳ್ಳು ಹೇಳಿದ್ರೂ ಎಲ್ಲಿ ಹಾರಿಸ್ತಾರ ಅನ್ನೋದು ತಿಳೀತದ."

ನನ್ನೆದುರಿಗೇ ವರನಿಗೆ ಫೋನು ಹಚ್ಚಿದಳು. ಭೇಟಿಯಾಗಬೇಕು, ಅಕ್ಕನೂ ಬರುತ್ತಾಳೆ ಎಂದಳು. ಎರಡು ದಿನ ಬಿಟ್ಟು ಮಧ್ಯಾಹ್ನ ಶಹಾಪುರದ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮೂವರೂ ಕುಳಿತೆವು. ಅವರು ಬೆವರುತ್ತಿದ್ದರು. ಬಿಸಿಲಿಗೋ ಹೆದರಿಕೆಗೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ತಂಗಿ ಚಹಾ ಬರುವವರೆಗೂ ಕಾಯಲಿಲ್ಲ.

"ನಿಮಗ ಮೊದಲ ಮದುವಿ ಆಗಿತ್ತೇನ್ರಿ?"

ಅವರು ಮೇಜಿನ ಮೇಲಿನ ನೀರಿನ ಲೋಟವನ್ನು ಸ್ವಲ್ಪ ಸರಿಸಿದರು. "ಆಗಿತ್ರಿ" ಎಂದರು. "ಕೋರ್ಟಿನ್ಯಾಗ ಎಲ್ಲಾ ಮುಗದದ. ಎಂಗೇಜ್ಮೆಂಟ್ ಆಗೂತನ ಹೇಳಬ್ಯಾಡ ಅಂದಿದ್ಲು ನಮ್ಮವ್ವ. ನಂಗ ಮನಸಿಗೆ ಬಂದಿದ್ದಿಲ್ಲ."

"ಪುಸ್ತಕ ಅವರವೇನು?" ಎಂದೆ ನಾನು.

"ಹೌದ್ರಿ. ಒಗೀಬೇಕಂತ ಅವ್ವ ಅಂತಿದ್ಲು. ಆಗ್ಲಿಲ್ಲ. ಊರು ಬಿಡಾಗ ನಾನs ಕಟ್ಕೊಂಡು ಬಂದೆ."

ಮದುವೆ ಯಾಕೆ ಮುರಿಯಿತು ಎಂದು ಕೇಳಿದ್ದಕ್ಕೆ "ಹೊಂದಲಿಲ್ರಿ" ಎಂದರು. ನನ್ನ ಕಿವಿ ನೆಟ್ಟಗಾಯಿತು. ಹೊಂದಲಿಲ್ಲ ಎನ್ನುವ ಮಾತಿನ ಕೆಳಗೆ ಏನು ಬೇಕಾದರೂ ಹೂಳಬಹುದು. ಹೊಡೆದಿದ್ದರೋ, ಇನ್ನೊಬ್ಬಳಿದ್ದಳೋ, ಇಲ್ಲಾ ಇನ್ನೂ ಕೆಟ್ಟದ್ದೋ. ತಂಗಿ ಮಾತ್ರ ತಾಯಿ ಮಗುವಿನ ಪುಸ್ತಕದ ವಿಷಯ ತೆಗೆದಳು. ನಾನು ಹೇಳಿದ್ದರಲ್ಲಿ ಅವಳ ಮನಸ್ಸಿನಲ್ಲಿ ಉಳಿದಿದ್ದು ಅದೊಂದೇ.

"ಅದೊಂದ್ ಕೇಳಬ್ಯಾಡ್ರಿ."

"ಅದನ್ನs ಕೇಳಬೇಕಾಗೇದ್ರಿ."

ಬಹಳ ಹೊತ್ತು ಅವರು ಸುಮ್ಮನಿದ್ದರು. ಹೊರಗೆ ಕಂಡಕ್ಟರೊಬ್ಬ ಕಲಬುರಗಿ ಕಲಬುರಗಿ ಎಂದು ಕೂಗುತ್ತಿದ್ದ. ನನ್ನ ಕಾದಂಬರಿಗಳಲ್ಲಿ ಮೌನವೆಂದರೆ ತಪ್ಪಿತಸ್ಥನ ಗುರುತು. ಆದರೆ ವರ್ಷಗಟ್ಟಲೆ ಮಕ್ಕಳಿಗೆ ಪದ್ಯ ಹೇಳಿಕೊಟ್ಟವಳಿಗೆ, ಸಾಲು ಮುರಿದ ಜಾಗದಲ್ಲಿ ಉಸಿರು ಕಟ್ಟುವುದೂ ಉಂಟೆಂದು ಗೊತ್ತಿತ್ತು. ಆ ಮೌನ ಎಂಥದ್ದೆಂದು ನನಗೆ ಬಗೆಹರಿಯಲಿಲ್ಲ.

ಆಮೇಲೆ ಹೇಳಿದರು. ಏಳನೇ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ಹೋಯಿತಂತೆ. ಹೊಲಿಗೆ ಮಿಷನ್ ತುಳಿದಿದ್ದಕ್ಕೇ ಹಾಗಾಯಿತೆಂದು ಅವರ ತಾಯಿ ಬಂದವರೆದುರಿಗೆಲ್ಲ ಅಂದರಂತೆ. "ಡಾಕ್ಟರ್ ಹಂಗಲ್ಲ ಅಂದಿದ್ರು. ನಂಗ ಗೊತ್ತಿತ್ತು. ನಾ ಅವ್ವನ ಮುಂದ ಬಾಯಿ ತೆರೀಲಿಲ್ರಿ. ಆಕಿ ಒಂದ್ ದಿನ ತವರಿಗೆ ಹೋದಾಕಿ ಬರಲೇ ಇಲ್ಲ."

ತಂಗಿಯ ಕಣ್ಣು ತುಂಬಿದ್ದವು. ನನಗೆ ಮಾತ್ರ ಅವರು ಅಷ್ಟು ಚೆನ್ನಾಗಿ ಹೇಳಿದ್ದೇ ಅನುಮಾನಕ್ಕೆ ಕಾರಣವಾಯಿತು. ತಪ್ಪು ಒಪ್ಪಿಕೊಳ್ಳುವವನು ಒಪ್ಪಿದ್ದಕ್ಕಿಂತ ದೊಡ್ಡದನ್ನು ಅದರ ಹಿಂದೆ ಬಚ್ಚಿಟ್ಟಿರುತ್ತಾನೆಂದು ಎಷ್ಟು ಕತೆಗಳಲ್ಲಿ ಓದಿಲ್ಲ? ಆಕೆಯ ತವರು ಯಾವುದೆಂದು ಕೇಳಿದೆ. ಯಾದಗಿರಿ ಎಂದರು. ಅಲ್ಲೇ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾಳೆ ಎಂದು ಓಣಿಯ ಹೆಸರೂ ಹೇಳಿದರು. ನನ್ನೂರಿನಲ್ಲೇ, ನಾನು ದಿನಾ ಶಾಲೆಗೆ ಹೋಗುವ ರಸ್ತೆಯ ಮಗ್ಗುಲಿನಲ್ಲೇ ಆಕೆ ಇದ್ದಳು.

ಮುಂದಿನ ವಾರ ತಂಗಿ ಯಾದಗಿರಿಗೆ ಬಂದಳು. ಹೊಲಿಗೆ ತರಗತಿ ಮುಗಿದು ಹುಡುಗಿಯರೆಲ್ಲ ಹೋದ ಮೇಲೆ ಒಳಗೆ ಹೋದೆವು. ಆಕೆ ಸಣ್ಣಗೆ, ಎತ್ತರಕ್ಕಿದ್ದಳು. ಕೊರಳಲ್ಲಿ ಅಳತೆ ಟೇಪು. ನಾವು ಯಾರೆಂದು ತಂಗಿ ನೇರವಾಗಿ ಹೇಳಿದಳು. ಆಕೆ ಕತ್ತರಿ ಕೆಳಗಿಟ್ಟು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ನಾನು ಆಕೆಯನ್ನು ನೋಡುತ್ತಿದ್ದಂತೆಯೇ.

"ನಿಮ್ಮನ್ನ ಅವರ ಅವ್ವ ಕಳಸ್ಯಾಳೇನು?" ಎಂದಳು.

"ಇಲ್ರಿ. ನಾನs ಬಂದೀನಿ. ಅಂವ ಹ್ಯಾಂಗ್ ಮನುಷ್ಯಾ ಅಂತ ನಿಮ್ಮನ್ನ ಕೇಳಾಕ" ಎಂದಳು ತಂಗಿ.

ಆಕೆಗೆ ನಗು ಬಂತು. ಸ್ಟೂಲು ಎಳೆದುಕೊಟ್ಟಳು. ಮೊದಲು ಕೇಳಿದ್ದು ಪುಸ್ತಕಗಳನ್ನೇ, ಇನ್ನೂ ಇವೆಯೇ ಎಂದು. ಇವೆ ಎಂದಾಗ ಕೊರಳಿನ ಟೇಪು ತೆಗೆದು ಸುತ್ತಿಟ್ಟಳು. ಮದುವೆಯಾಗಿ ಹೋದಾಗ ಅಡುಗೆ ಬರುತ್ತಿರಲಿಲ್ಲ, ಅತ್ತೆ ಒಂದೂ ಹೇಳಿಕೊಡಲಿಲ್ಲ, ಪುಸ್ತಕ ನೋಡಿಯೇ ಕಲಿತೆ ಎಂದಳು. ಕೂಸು ಹೋದ ಮೇಲೆ ಆರು ತಿಂಗಳು ಬರೀ ಪದ್ಯ ಓದುತ್ತಿದ್ದಳಂತೆ. "ಕಾದಂಬರಿ ಓದಾಕ ಆಗ್ತಿದ್ದಿಲ್ರಿ, ಅದರಾಗ ಮುಂದ್ ಏನಾಗ್ತದ ಅಂತ ಇರ್ತದ. ನಂಗ ಮುಂದಿಂದು ಬೇಕಾಗಿದ್ದಿಲ್ಲ."

"ಅವರು ಕೈ ಮಾಡ್ತಿದ್ರೇನ್ರಿ?" ಎಂದೆ ನಾನು.

"ಇಲ್ರಿ. ಬಡ್ಯಾವಲ್ಲ, ಕುಡ್ಯಾವಲ್ಲ. ಕೆಟ್ಟಾವಲ್ಲ. ಅವ್ವ ಎದುರಿಗೆ ಕುಂತ್ರ ಮಾತು ಗಂಟಲದಾಗs ಉಳೀತದ, ಅಷ್ಟs." ತಂಗಿಯ ಕಡೆ ತಿರುಗಿದಳು. "ನಿಮ್ಮ ಮುಂದ ಹೇಳ್ಯಾನಂದ್ರ ಜರಾ ಬದಲಾಗಿರಬೇಕು. ಅವ್ವನ ಮುಂದ ಹೇಳ್ತಾನೇನು ನೋಡ್ರಿ."

ಹೊರಗೆ ಬಂದ ಮೇಲೆ ನಾನು ಗೊಣಗಿದೆ: ಇಷ್ಟು ಒಳ್ಳೆಯ ಮಾತು ಯಾಕೆ ಆಡಿದಳು, ಅವನ ಮೇಲೆ ಇನ್ನೂ ಮನಸ್ಸಿದೆಯೋ? ತಂಗಿ ಸಿಟ್ಟಿನಿಂದ, "ಜರಾ ಸುಮ್ನಿರಕ್ಕಾ" ಎಂದಳು.

ತಂಗಿ ವರನಿಗೆ ಒಂದೇ ಮಾತು ಹೇಳಿದಳು. ತಾಯಿಯನ್ನು ಕರೆದುಕೊಂಡು ಶಹಾಪುರಕ್ಕೆ ಬನ್ನಿ, ಹೋಟೆಲಿನಲ್ಲಿ ಹೇಳಿದ್ದನ್ನು ನಮ್ಮ ಅಪ್ಪ ಅವ್ವನೆದುರು, ನಿಮ್ಮ ತಾಯಿಯೆದುರು ಹೇಳಿ. ಅವರು ಒಪ್ಪಿದರು, ಬಂದರು. ಅಪ್ಪ ಬೆಳಗಿನ ಪೂಜೆ ಮುಗಿಸಿ ವಚನದ ಪುಸ್ತಕ ಮುಚ್ಚಿಟ್ಟು ಪಡಸಾಲೆಗೆ ಬಂದು ಕುಳಿತಿದ್ದರು. ಅವ್ವ ಚಹಾ ಕೊಟ್ಟಳು. ನಾನು ಬಾಗಿಲ ಬಳಿ ನಿಂತೆ.

"ಕಾಕಾರೇ, ನಿಮಗ ಒಂದು ಮಾತು ಹೇಳಬೇಕಾಗೇದ" ಎಂದು ವರ ಶುರು ಮಾಡಿದರು. "ನಂಗ ಮೊದಲ ಒಂದು..."

"ಅದೆಲ್ಲಾ ಈಗ್ಯಾಕೋ?" ಎಂದರು ತಾಯಿ. ದನಿ ಏರಿಸಲಿಲ್ಲ. "ಮದುವಿ ತಿಥಿ ನೋಡೋ ಹೊತ್ತಿನ್ಯಾಗ."

ಅವರು ನಿಲ್ಲಿಸಿದರು. ಕಪ್ಪಿನ ಕಡೆ ನೋಡುತ್ತ ಕುಳಿತರು. ನನ್ನ ತಂಗಿ ಕಾದಳು. ಅಪ್ಪನೂ ಕಾದರು, ಏನೆಂದು ಗೊತ್ತಿಲ್ಲದೆ. ನಾನು, ಇಷ್ಟು ದಿನ ಅವರ ಮೇಲೆ ಕಣ್ಣಿಟ್ಟವಳು, ಆ ಗಳಿಗೆಯಲ್ಲಿ ಹೇಳು ಹೇಳು ಎಂದು ಒಳಗೇ ಅವರ ಪರವಾಗಿ ಬೇಡಿಕೊಂಡೆ. ಅವರು ಹೇಳಲಿಲ್ಲ. ತಂಗಿ ಎದ್ದು ಕಪ್ಪುಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಒಳಗೆ ಹೋದಳು. ಅವರು ಹೋದ ಮೇಲೆ ತನಗೆ ಈ ಸಂಬಂಧ ಬೇಡವೆಂದು ಹೇಳಿ, ಕಾರಣವನ್ನೂ ಬಿಡಿಸಿ ಹೇಳಿದಳು.

ಅವ್ವ ಅತ್ತಳು, ಬೈದಳು. ಎರಡನೇ ಸಂಬಂಧವೆಂದು ಮುಚ್ಚಿಟ್ಟದ್ದಕ್ಕೆ ಆ ತಾಯಿಯನ್ನು ಬೈದಳು, ಕೆದಕಿದ್ದಕ್ಕೆ ನನ್ನನ್ನೂ ಬೈದಳು. ಅಪ್ಪ ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ತಂಗಿಯನ್ನು ಹತ್ತಿರ ಕೂಡಿಸಿಕೊಂಡು, "ದಿನಾ ಓದತೀನಿ ನಾನು, ಒಳಗೊಂದು ಹೊರಗೊಂದು ಇರಬಾರದಂತ. ನನ್ನ ಕಣ್ಣಿಗೆ ಬೀಳಲಿಲ್ಲ ನೋಡು. ನಿನಗ ಬಿತ್ತು" ಎಂದಷ್ಟೇ ಹೇಳಿದರು.

ಸಾಕ್ಷಿ ಹುಡುಕಿದವಳು ನಾನು. ಆದರೆ ಅವರೊಳಗಿನ ಮನುಷ್ಯನನ್ನು ಕಂಡವಳು ತಂಗಿ. ನನ್ನ ಪುಸ್ತಕಗಳು ಬಾಗಿಲ ತನಕ ಕರೆದೊಯ್ದವು, ಒಳಗೆ ಹೋಗಲು ಅವಳ ಪುಸ್ತಕಗಳೇ ಬೇಕಾದವು. ಅಂದಿನಿಂದ ನಾನೂ ಆತ್ಮಕಥೆ ಓದಲು ಶುರುಮಾಡಿದ್ದೇನೆ, ಬರೆದವರು ಎಲ್ಲೆಲ್ಲಿ ಹಾರಿಸಿದ್ದಾರೆಂದು ನೋಡುತ್ತ. ಸುರಪುರದವರಿಗೆ ಬೇರೆ ಕಡೆ ಮದುವೆಯಾಯಿತೆಂದು ಆಮೇಲೆ ಕೇಳಿದೆ. ಆ ಹುಡುಗಿಗೆ ಮೊದಲೇ ಹೇಳಿದ್ದರೋ ಇಲ್ಲವೋ, ಯಾರನ್ನು ಕೇಳಲಿ?

ರವಿಕೆ ಹೊಲಿಸಲು ಈಗ ನಾನು ಆಕೆಯ ಬಳಿಗೇ ಹೋಗುತ್ತೇನೆ. ಹೋದಾಗಲೆಲ್ಲ ಪುಸ್ತಕ ಅದಲುಬದಲಾಗುತ್ತವೆ. ಮೊನ್ನೆ ಒಂದು ಪ್ರವಾಸ ಕಥನ ಕೊಟ್ಟಳು, ಹಿಮದ ದೇಶದ್ದು. ಓದಿ ಮರಳಿಸುವಾಗ, "ಬರದಾಂವ ಅಲ್ಲಿಗೆ ಹೋಗ್ಯಾನೋ ಇಲ್ಲೋ ನಂಗ ಅನುಮಾನ. ಇಡೀ ಪುಸ್ತಕದಾಗ ಒಮ್ಮೆನೂ ಅವನ ಕೈ ಥಂಡಿಗೆ ಸೆಟಕೊಂಡಿಲ್ಲ" ಎಂದೆ.

ಆಕೆ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ನಕ್ಕಳು. "ಹೋಗಿರ್ಲಿ ಬಿಡ್ರಿ, ಹೋಗದs ಇರ್ಲಿ. ನಾ ಅಂತೂ ಹೋಗಿ ಬಂದೀನಿ" ಎಂದಳು.