ಮುತ್ತಜ್ಜಿಯ ಮೊದಲ ಹೆಸರು

ಕಾರು ರಿಪೇರಿಗೆಂದು ಮೊನ್ನೆ ಮಂಗಳೂರಿನ ಗ್ಯಾರೇಜೊಂದಕ್ಕೆ ಹೋಗಿದ್ದೆ. ಗ್ರೀಸಿನ ವಾಸನೆ ಮೂಗಿಗೆ ಬಡಿದದ್ದೇ, ನೋಡಿ, ನಾನು ಬಹರೈನಿನಲ್ಲಿದ್ದೆ. ಪಪ್ಪನ ಅಂಗಿಗಳಿಗೆಲ್ಲ ಅದೇ ವಾಸನೆ.

ಎಂಬತ್ತರ ದಶಕದ ಆರಂಭ. ಪಪ್ಪ ಅಲ್ಲಿನ ಟುಬ್ಲಿ ಎಂಬ ಊರಿನ ಗ್ಯಾರೇಜಿನಲ್ಲಿ ಸ್ಟೋರ್‌ಕೀಪರ್, ಮನೆ ಪಕ್ಕದ ಸನದ್‌ನಲ್ಲಿ. ನಾವು ಗೋವೆಯಿಂದ ಬಂದ ಬ್ರಾಹ್ಮಣ ಮೂಲದ ಕ್ರೈಸ್ತರೆಂದು ಯಾರೂ ಕೇಳದಿದ್ದರೂ ಪಪ್ಪ ಹೇಳುತ್ತಿದ್ದರು. ಸ್ಪಾರ್ಕ್ ಪ್ಲಗ್ಗಿಗೆ ಬಂದ ಪಾಕಿಸ್ತಾನಿ ಮೆಕ್ಯಾನಿಕ್‌ಗೂ ಹೇಳಿದ್ದರಂತೆ. ಆತ "ಅಚ್ಛಾ" ಎಂದು ಪ್ಲಗ್ ತೆಗೆದುಕೊಂಡು ಹೋದ. ಅಲ್ಲಿ ರಜೆ ಶುಕ್ರವಾರ; ಅಂದು ಇಗರ್ಜಿಯಲ್ಲಿ ಊರಿನ ಹಿರಿಯರು ಸಿಕ್ಕರೆ ಚಹಾಕ್ಕೆ ಕರೆತಂದು ವಂಶದ ಬಗ್ಗೆ ವಿಚಾರಿಸುವುದು ಅವರ ಚಟ. ನನ್ನ ಮದುವೆಯ ಮಾತು ಶುರುವಾದಾಗ ಅದು ಜ್ವರವಾಯಿತು. ಹುಡುಗ ಲಾರೆನ್ಸ್‌ನ ತಾಯಿಯೂ ಮನೆತನ ನೋಡುವವರು.

ಹಾಗೆ ಬಂದವರು ಸೆರಾಫಿನ್‌ಬಾಯಿ, ಮಗನ ಮನೆಗೆ ಬಂದಿದ್ದ, ನಮ್ಮೂರು ಕಾರ್ಕಳದ ಕಡೆಯ ಮುದುಕಿ. ಪಪ್ಪ ತಮ್ಮ ಮುತ್ತಜ್ಜಿಯ ಹೆಸರು ಹೇಳಿದರು.

"ಕತ್ರಿನಾ? ನಾನು ಸಣ್ಣವಳಿರುವಾಗ ನೋಡಿದ್ದೇನೆ ಮಾರಾಯ, ಆಗಲೇ ಮುದುಕಿ. ಕೊರಗರವಳು ಅಲ್ವಾ ಅವಳು? ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆಯುವವಳು. ಅವರನ್ನು ಊರಿನ ದಾರಿಯಲ್ಲಿ ನಡೀಲಿಕ್ಕೂ ಬಿಡ್ತಿರಲಿಲ್ಲ. ನಿನ್ನ ಮುತ್ತಜ್ಜ ಅವಳೇ ಬೇಕು ಅಂತ ಹಠ ಹಿಡಿದು ಮದುವೆ ಆದದ್ದು. ಚಹಾಕ್ಕೆ ಸಕ್ಕರೆ ಸ್ವಲ್ಪ ಕಮ್ಮಿ."

ಪಪ್ಪ ಎದ್ದು ಸಕ್ಕರೆ ತಂದರು. ಆಮೇಲೆ ಒಂದು ವಾರ ಗೋವೆಯ ಮಾತು ಯಾರೆದುರೂ ಎತ್ತಲಿಲ್ಲ. ಮೆಕ್ಯಾನಿಕ್‌ಗಳಿಗೂ ಹೇಳಲಿಲ್ಲ. "ಮದುವೆ ಮುಗಿಯುವವರೆಗೆ ಬಾಯಿ ಬಿಡಬೇಡಿ" ಎಂದು ಮಮ್ಮಿ ಗೋಗರೆದಳು.

ಹುಡುಗನ ಕಡೆಯವರು ಬಂದರು. "ಮೂಲ ಹುಡುಕ್ತಿದ್ದೀರಂತೆ, ಸಿಕ್ಕಿತಾ?" ಎಂದರು ಲಾರೆನ್ಸ್‌ನ ತಾಯಿ. ನಾನು ಅವರ ಮುಂದೆ ಚಹಾದ ಟ್ರೇ ಹಿಡಿದೆ.

"ಸಿಕ್ಕಿತು. ನನ್ನ ಮುತ್ತಜ್ಜಿ ಕೊರಗರವಳು" ಎಂದರು ಪಪ್ಪ. "ಗೋವೆಯವರೆಲ್ಲ ಆಮೇಲೆ ಬಂದದ್ದು. ಅವಳ ಕಡೆಯವರು ಮೊದಲೇ ಅಲ್ಲಿದ್ದವರು."

ಆಕೆ ಲೋಟ ಕೆಳಗಿಟ್ಟು, ತಲೆನೋವೆಂದು ಮಗನನ್ನು ಎಬ್ಬಿಸಿಕೊಂಡು ಹೋದರು. ಮುಂದಿನ ಶುಕ್ರವಾರ ಲಾರೆನ್ಸ್ ಒಬ್ಬನೇ ಬಂದ. "ಅಮ್ಮನಿಗೆ ತಲೆನೋವು ಇನ್ನೂ ಉಂಟು. ನನಗೆ ಎಂತದ್ದೂ ಇಲ್ಲ" ಎಂದ. ಮದುವೆಯಾಯಿತು. ಆ ತಲೆನೋವು ನಮ್ಮ ಮೊದಲ ಮಗು ಹುಟ್ಟುವವರೆಗೂ ಇತ್ತು.

ಪಪ್ಪ ಮಾತ್ರ ಹುಡುಕುವುದನ್ನು ಬಿಡಲಿಲ್ಲ. ಕತ್ರಿನಾ ಎಂಬುದು ಜ್ಞಾನಸ್ನಾನ ಕೊಟ್ಟ ಪಾದ್ರಿಗಳು ಇಟ್ಟ ಹೆಸರು. ಅದಕ್ಕೆ ಮೊದಲು ಅವಳನ್ನು ಅವಳ ತಾಯಿ ಏನೆಂದು ಕರೆಯುತ್ತಿದ್ದಳು? ಅದೊಂದು ತಿಳಿಯದೆಯೇ ಪಪ್ಪ ತೀರಿಕೊಂಡರು.

ಮೊನ್ನೆ ಮಂಗಳೂರಿನ ಗ್ಯಾರೇಜಿನಿಂದ ಹೊರಟವಳು ಮನೆಗೆ ಹೋಗಲಿಲ್ಲ. ಕಾರ್ಕಳದ ಬಳಿಯ ಕೊರಗರ ಕಾಲನಿಗೆ ಹೋದೆ. ಅಲ್ಲಿನ ಅಜ್ಜಿಯೊಬ್ಬರು ನನ್ನ ಕತೆಯನ್ನು ಪೂರ್ತಿ ಕೇಳಿದರು.

"ಹೆಸರು ಗೊತ್ತಿಲ್ಲ ಮಗಳೇ. ಇಷ್ಟು ವರ್ಷ ನೀವೆಲ್ಲ ಎಲ್ಲಿದ್ರಿ?"