ನಿಂಬೆಹಣ್ಣಿಗೆ ನಿಂತ ಗಾಡಿ

ಹಾವೇರಿಯ ನಮ್ಮ ಕಾಲೇಜಿನ ಹಿಂದೆ, ಬೈಕ್ ನಿಲ್ಲಿಸುವ ಶೆಡ್ಡಿಗೆ ಅಂಟಿಕೊಂಡು ಒಂದು ಸಣ್ಣ ಕೋಣೆ ಇತ್ತು. ಮುರಿದ ಬೆಂಚು, ಕೆಟ್ಟ ಫ್ಯಾನು, ಯಾವ ಕಾಲದ್ದೋ ದಪ್ಪ ಮಾನಿಟರು, ಎಲ್ಲವನ್ನೂ ಅದರೊಳಗೆ ತುರುಕಿಟ್ಟಿದ್ದರು. ನಾನೂ ನನ್ನ ಗೆಳತಿಯೂ ಎಲೆಕ್ಟ್ರಾನಿಕ್ಸ್ ವಿಭಾಗದ ಮುಖ್ಯಸ್ಥರ ಬೆನ್ನು ಬಿದ್ದು ಅದರ ಕೀಲಿಕೈ ಇಸಿದುಕೊಂಡೆವು. ಬೆಂಚುಗಳನ್ನು ಗೋಡೆಗೆ ಒರಗಿಸಿ, ಜೇಡರ ಬಲೆ ಹೊಡೆದು, ಒಂದು ಮೇಜನ್ನು ಇಟ್ಟಿಗೆ ಕೊಟ್ಟು ನೆಟ್ಟಗೆ ನಿಲ್ಲಿಸಿದೆವು. ಸ್ಪರ್ಧೆಗೊಂದು ರೋಬೋಟ್ ಕಟ್ಟುವುದು ನಮ್ಮ ಆಸೆ. ನನಗಂತೂ ರೋಬೋಟಿನಷ್ಟೇ ಆ ಕೋಣೆಯ ಮೇಲೂ ಆಸೆ ಇತ್ತು.

ಯಾಕೆಂದರೆ ರಾಣೆಬೆನ್ನೂರಿನ ನಮ್ಮ ಬಾಡಿಗೆ ಮನೆಯಲ್ಲಿ ಅಡುಗೆಗೊಂದು ಕೋಣೆ, ಉಳಿದದ್ದಕ್ಕೆಲ್ಲ ಇನ್ನೊಂದು. ನಾನು ನೆಲದ ಮೇಲೆ ಒಂದು ಸ್ಕ್ರೂ ಬಿಟ್ಟು ಎದ್ದೆನೆಂದರೆ ಅದು ಸರಿಯಾಗಿ ಅಪ್ಪನ ಕಾಲಿಗೇ ಚುಚ್ಚಬೇಕು. ಒಮ್ಮೆ ಅವ್ವ ಕಸ ಗುಡಿಸುತ್ತ ನನ್ನ ರೆಸಿಸ್ಟರುಗಳನ್ನೆಲ್ಲ ಮೊರಕ್ಕೆ ಎಳೆದು ಬೀದಿಗೆ ಚೆಲ್ಲಿಬಿಟ್ಟಳು. ನಾನು ಮನೆ ಹಾರಿಹೋಗುವಂತೆ ಕೂಗಾಡಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳು ಯಾಕೆ ಹೇಳಲಿ. ಅವ್ವ ಪೊರಕೆ ಹಿಡಿದುಕೊಂಡೇ ‘ಸತ್ತ ಹುಳ ಬಿದ್ದಂಗ ಬಿದ್ದಿದ್ವು, ನನಗೇನ್ ಗೊತ್ತವಾ?’ ಎಂದಳು. ಅವಳದ್ದೂ ತಪ್ಪಲ್ಲ. ಇಟ್ಟ ವಸ್ತು ಮರುದಿನ ಇಟ್ಟಲ್ಲೇ ಇರುವ ಒಂದು ಜಾಗ ನನಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಕಾಲೇಜಿನ ಆ ಕೋಣೆಯ ಬಾಗಿಲು ಹಾಕಿ ಚಿಲಕ ಎಳೆದಾಗ ಎಷ್ಟು ಖುಷಿಯಾಗುತ್ತಿತ್ತೆಂದರೆ, ಕೆಲಸವಿಲ್ಲದಿದ್ದರೂ ಸುಮ್ಮನೆ ಹೋಗಿ ಕೂತು ಬರುತ್ತಿದ್ದೆ.

ಆದರೆ ಕೋಣೆ ನಮ್ಮ ಕೈಯಲ್ಲಿ ಉಳಿಯುವುದಕ್ಕೆ ಒಂದು ಕರಾರಿತ್ತು. ಸರ್ ಅದನ್ನು ಮೊದಲೇ ಹೇಳಿದ್ದರು.

‘ನೋಡ್ರವಾ, ಪರೀಕ್ಷಾದ ಬಂಡಲ್ ಇಡಾಕ ಜಾಗಾ ಇಲ್ಲಂತ ಆಫೀಸಿನವ್ರು ದಿನಾ ನನ್ನ ತಲಿ ತಿನ್ನಾಕತ್ಯಾರ. ರಾಣೆಬೆನ್ನೂರಿನ ಸ್ಪರ್ಧಾದಾಗ ಮೊದಲ ಮೂರರಾಗ ಬರ್ರಿ, ಈ ಖೋಲಿ ರೋಬೋಟಿಗೇ ಅಂತ ಬರಸಿ ಕೊಡ್ತೇನಿ. ಬರಲಿಲ್ಲಂದ್ರ ಕೀಲಿಕೈ ವಾಪಸ್ ಕೊಟ್ಟಬಿಡ್ರಿ, ನನ್ನ ಬೈಬ್ಯಾಡ್ರಿ.’

ಸ್ಪರ್ಧೆಯ ನಿಯಮ ಸರಳ. ಬಿಳಿ ಹಾಸಿನ ಮೇಲೆ ಕಪ್ಪು ಗೆರೆ. ರೋಬೋಟ್ ಅಂದರೆ ಒಂದು ಪುಟ್ಟ ಗಾಡಿ, ಯಾರೂ ಮುಟ್ಟದೆ ತಾನೇ ಆ ಗೆರೆ ಹಿಡಿದು ಹೋಗಬೇಕು. ನಡುನಡುವೆ ರಟ್ಟಿನ ಪೆಟ್ಟಿಗೆ ಇಟ್ಟಿರುತ್ತಾರೆ. ಪೆಟ್ಟಿಗೆ ಕಂಡರೆ ನಿಲ್ಲಬೇಕು, ತೆಗೆದರೆ ಮುಂದಕ್ಕೆ ಹೋಗಬೇಕು, ತಾಗಿತೋ ಆ ಸುತ್ತು ಸೊನ್ನೆ. ಎರಡು ಸುತ್ತಿನ ಅಂಕ ಕೂಡಿಸಿ ನಿರ್ಣಯ.

ಗಾಡಿಯನ್ನು ನಾವು ಕಟ್ಟಿದ್ದು ಬೇಡಿ ತಂದ ಸಾಮಾನಿನಿಂದ. ಹಳೆಯ ಸ್ವಿಚ್ ಬೋರ್ಡಿನ ಪ್ಲೈವುಡ್ ಅದರ ಮೈ. ಉಪ್ಪಿನಕಾಯಿ ಡಬ್ಬಿಯ ಮುಚ್ಚಳಗಳು ಗಾಲಿ. ಅವು ಜಾರದಿರಲೆಂದು ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತ ಅಂಟಿಸಿದೆವು. ಮೋಟರು ಹಿಂದಿನ ವರ್ಷದ ಸೀನಿಯರ್‌ಗಳು ಬಿಟ್ಟುಹೋದ ಗಾಡಿಯಿಂದ ಬಿಚ್ಚಿದ್ದು. ಬ್ಯಾಟರಿಗೆ ರಾಣೆಬೆನ್ನೂರಿನ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯವನನ್ನು ಕಾಡಿ, ಅವನು ಬಿಸಾಡಲು ಇಟ್ಟಿದ್ದ ಸೆಲ್ಲುಗಳಲ್ಲಿ ಜೀವ ಇದ್ದವನ್ನು ಆರಿಸಿಕೊಂಡೆವು. ಅಭ್ಯಾಸದ ಹಾಸು ಅಂದರೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಬ್ಯಾನರ್. ಬೆನ್ನು ಮೇಲೆ ಮಾಡಿ ಹಾಸಿ, ಕರೆಂಟಿನವರ ಕಪ್ಪು ಟೇಪಿನಿಂದ ಗೆರೆ ಎಳೆದೆವು. ಶುಭಾಶಯ ಕೋರುವ ಆ ಮುಖಗಳೆಲ್ಲ ಇಡೀ ಸೆಮಿಸ್ಟರ್ ನೆಲ ನೋಡುತ್ತ ಮಲಗಿದವು. ದುಡ್ಡು ಕೊಟ್ಟು ಹೊಸದಾಗಿ ತರಿಸಿದ್ದು ಗಾಡಿಯ ಮಿದುಳಾದ ಪುಟ್ಟ ಬೋರ್ಡು ಮತ್ತು ಸೆನ್ಸರುಗಳು. ಅದಕ್ಕಾಗಿ ಕ್ಯಾಂಟೀನಿನ ಮಿರ್ಚಿ, ಗಿರ್ಮಿಟ್ ಕಡೆ ತಲೆ ಹಾಕದೆ ದಿನ ಕಳೆದೆವು.

ಸೆನ್ಸರುಗಳಲ್ಲಿ ಒಂದು ನೋಡಲು ಥೇಟ್ ಎರಡು ದುಂಡು ಕಣ್ಣು. ಅದು ನಮ್ಮ ಕಿವಿಗೆ ಕೇಳದ ಸದ್ದು ಹೊರಡಿಸಿ, ಆ ಸದ್ದು ತಿರುಗಿ ಬಂದರೆ ಮುಂದೆ ಏನೋ ಇದೆ ಎಂದು ತಿಳಿಯುತ್ತದೆ. ಅದನ್ನು ಪಳಗಿಸುವಷ್ಟರಲ್ಲಿ ನಮ್ಮ ಜೀವ ಹೈರಾಣಾಯಿತು. ಒಮ್ಮೆ ಗೋಡೆಗೂ ನಿಲ್ಲುತ್ತಿರಲಿಲ್ಲ, ಒಮ್ಮೆ ಏನೂ ಇಲ್ಲದಿದ್ದರೂ ಹೆದರಿ ನಿಂತುಬಿಡುತ್ತಿತ್ತು. ಪ್ರೋಗ್ರಾಂ ಬರೆಯುವುದು ಗೆಳತಿಯ ಪಾಲು, ಬೆಸುಗೆ ಹಾಕುವುದು ಮತ್ತು ಬೈಯುವುದು ನನ್ನ ಪಾಲು. ಕೊನೆಗೊಂದು ಮಧ್ಯಾಹ್ನ ಗಾಡಿ ಪೆಟ್ಟಿಗೆಯ ಮುಂದೆ ಒಂದು ಗೇಣು ದೂರದಲ್ಲಿ ಮೆತ್ತಗೆ ನಿಂತಿತು. ಪೆಟ್ಟಿಗೆ ತೆಗೆದೆ, ಹೊರಟಿತು. ಇಟ್ಟೆ, ನಿಂತಿತು. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ಕುಣಿದೆವು, ಪಕ್ಕದಲ್ಲೇ ಕ್ಲಾಸು ನಡೆಯುತ್ತಿತ್ತು.

ಸ್ಪರ್ಧೆಯ ಹಿಂದಿನ ದಿನ ಗಾಡಿ ಹೊತ್ತುಕೊಂಡು ಬ್ಯಾಡಗಿಯ ಗೆಳತಿಯ ಮನೆಗೆ ಹೋದೆವು. ಸ್ಪರ್ಧೆಗೆ ಒಯ್ಯಬೇಕಿದ್ದ ಅವಳಣ್ಣನ ಲ್ಯಾಪ್‌ಟಾಪ್ ಅಲ್ಲಿತ್ತು, ಬೆಳಿಗ್ಗೆ ಅಲ್ಲಿಂದಲೇ ರೈಲು ಹಿಡಿಯಬಹುದಿತ್ತು. ಆ ಮನೆಯ ಯಜಮಾನಿ ಅವಳ ಅಜ್ಜಿ. ಮನೆಯವರೂ ಓಣಿಯವರೂ ಅವರನ್ನು ಆಯಿ ಅನ್ನುತ್ತಾರೆ. ಸೀಜನ್ನಿನಲ್ಲಿ ಒಳ್ಳೆಯ ಮೆಣಸಿನಕಾಯಿ ಆರಿಸಿ ತಂದು ಒಂದು ಕೋಣೆ ತುಂಬ ಚೀಲ ಇಟ್ಟುಕೊಂಡು, ವರ್ಷವಿಡೀ ಹೆಣ್ಣುಮಕ್ಕಳ ಮನೆಗೆಲ್ಲ ಮಸಾಲೆ ಖಾರ ಕುಟ್ಟಿಸಿ ಕಳಿಸುವುದು ಅವರ ಕೆಲಸ. ಆ ಕೋಣೆಗೆ ಬೇರೆಯವರು ಕಾಲಿಡುವಂತಿರಲಿಲ್ಲ. ನಾನು ಪಡಸಾಲೆಗೆ ಬಂದು ಒಂದೇ ಸಮನೆ ಸೀನತೊಡಗಿದರೆ ಆಯಿ ನಕ್ಕು, ‘ರಾಣೆಬೆನ್ನೂರಿನ ಮೂಗು ಭಾಳ ನಾಜೂಕ ಬಿಡವಾ’ ಎಂದು ಚೇಷ್ಟೆ ಮಾಡುತ್ತಿದ್ದರು.

ಬೆಳಿಗ್ಗೆ ಹೊರಡುವ ಹೊತ್ತಿಗೆ ಆಯಿ ಬಾಗಿಲಿಗೆ ಅಡ್ಡ ನಿಂತರು. ಕೈಯಲ್ಲಿ ವಿಭೂತಿ, ಕುಂಕುಮ, ಊದಿನಕಡ್ಡಿ, ಒಂದು ಪುಟ್ಟ ನಿಂಬೆಹಣ್ಣು.

‘ಗಾಲಿ ಇದ್ದದ್ದು ಯಾವದ ಇರ್ಲಿ, ಲಿಂಬಿಹಣ್ಣ ತುಳೀಲಾರದ ಈ ಹೊಸ್ತಿಲ ದಾಟಂಗಿಲ್ಲ.’

ಅದು ಆ ಮನೆಯ ಕಾನೂನು. ಬೈಕು ಬಂದಾಗಲೂ ಮಾಡಿದ್ದರು, ಮೊಮ್ಮಗನ ಮೂರು ಗಾಲಿಯ ಸೈಕಲ್ಲಿಗೂ ಮಾಡಿದ್ದರು, ಗ್ಯಾಸ್ ಸಿಲಿಂಡರ್ ತಳ್ಳುವ ಸ್ಟ್ಯಾಂಡಿಗೂ ಬಿಟ್ಟಿರಲಿಲ್ಲವಂತೆ. ಪ್ಲೈವುಡ್ಡಿನ ಮೇಲೆ ವಿಭೂತಿ ಎಳೆದು ಕುಂಕುಮ ಇಟ್ಟು, ‘ಅಯ್ಯ, ಇದಕ್ಕ ಕಣ್ಣ ಅದಾವಲ್ಲ!’ ಎಂದು ಸೆನ್ಸರಿಗೂ ಒಂದು ನಮಸ್ಕಾರ ಹಾಕಿದರು. ಮುಂದೆ ನಿಂಬೆಹಣ್ಣು ಇಟ್ಟರು. ಗೆಳತಿ ಸ್ವಿಚ್ ಒತ್ತಿದಳು. ಗೆರೆ ಇಲ್ಲದ ನೆಲದ ಮೇಲೆ ಗಾಡಿ ಸೀದಾ ಸ್ವಲ್ಪ ಮುಂದೆ ಹೋಗಿ ಗಕ್ಕನೆ ನಿಂತಿತು.

‘ಯಾಕವಾ, ನಿಂತಬಿಡ್ತಲ್ಲ?’

‘ಅದು ಹಂಗ ಆಯಿ. ಮುಂದ ಏನರ ಕಂಡ್ರ ನಿಂದರ್ತೈತಿ. ಹಂಗ ಮಾಡೇವಿ’ ಎಂದಳು ಗೆಳತಿ, ಹೆಮ್ಮೆಯಿಂದ.

‘ಹೊಂಟಾಗ ಲಿಂಬಿಹಣ್ಣಿಗೆ ನಿಂತ್ರ ಚಲೋ ಅಲ್ಲ. ತುಳಸು.’

‘ನಾನು ಎತ್ತಿ ಹಣ್ಣಿನ ಮ್ಯಾಲ ಇಟ್ಟು ಒತ್ತತೇನ್ರಿ ಆಯಿ, ಅದೂ ತುಳದಂಗ ಆತಲ್ಲ’ ಎಂದೆ ನಾನು. ರೈಲಿಗೆ ಹೊತ್ತಾಗುತ್ತಿತ್ತು.

‘ಎತ್ತಿ ಇಟ್ರ ಏನ್ ಬಂತು? ತನ್ನ ಕಾಲಲೆ ತಾ ಹೋಗಬೇಕು. ಇಲ್ಲಾಂದ್ರ ನನಗ ಸಮಾಧಾನಿಲ್ಲ.’

ಗೆಳತಿ ನಿಟ್ಟುಸಿರು ಬಿಟ್ಟು ಲ್ಯಾಪ್‌ಟಾಪ್ ತೆರೆದಳು. ಪ್ರೋಗ್ರಾಂನಲ್ಲಿ ‘ಅಡ್ಡ ಕಂಡರೆ ನಿಲ್ಲು’ ಎಂಬ ಸಾಲಿನ ಮುಂದೆ ಎರಡು ಓರೆಗೆರೆ ಎಳೆದಳು. ಹಾಗೆ ಮಾಡಿದರೆ ಯಂತ್ರ ಆ ಸಾಲನ್ನು ಓದದೆ ದಾಟಿಕೊಂಡು ಹೋಗುತ್ತದೆ. ಈಗ ಗಾಡಿ ನಿಂಬೆಹಣ್ಣನ್ನು ನೂಕುತ್ತ ಹೊಸ್ತಿಲಿಗೆ ಒತ್ತಿತು, ಗಾಲಿ ಅದರ ಮೇಲೆ ಹತ್ತಲು ಹೆಣಗಾಡಿತು, ನಾನು ಮೇಲಿನಿಂದ ಅಂಗೈಯಲ್ಲಿ ಒಂಚೂರು ಅದುಮಿದೆ. ಪಚಕ್ಕೆಂದಿತು. ಆಯಿಯ ಮುಖ ಅರಳಿತು. ‘ಲಗೂ ನಡೀರಿ, ರೈಲ ಬಂತು’ ಎಂದು ಬುತ್ತಿ ಗಂಟು ಕೈಗೆ ತುರುಕಿದರು. ಲ್ಯಾಪ್‌ಟಾಪ್ ಮಡಚಿ ಚೀಲಕ್ಕೆ ಹಾಕಿ ಸ್ಟೇಷನ್ನಿಗೆ ಓಡಿದೆವು.

ರಾಣೆಬೆನ್ನೂರಿನ ಆ ಕಾಲೇಜಿನ ಹಾಲಿನಲ್ಲಿ ದೊಡ್ಡ ದೊಡ್ಡ ತಂಡಗಳು ಬಂದಿದ್ದವು. ಒಬ್ಬರ ಗಾಡಿಯಂತೂ ಅಂಗಡಿಯಿಂದ ಇಳಿಸಿದಂತೆ ಮಿರಮಿರ ಮಿಂಚುತ್ತಿತ್ತು. ನಮ್ಮ ಉಪ್ಪಿನಕಾಯಿ ಮುಚ್ಚಳದ ಗಾಡಿ ಹಣೆಗೆ ಕುಂಕುಮ ಇಟ್ಟುಕೊಂಡು ನಿಂತಿದ್ದನ್ನು ನೋಡಿ ಕೆಲವರು ಮುಸಿಮುಸಿ ನಕ್ಕರು. ನಗಲಿ ಎಂದುಕೊಂಡೆ. ನನಗೆ ನಮ್ಮ ಗಾಡಿಯ ಮೇಲೆ ಅಷ್ಟು ನಂಬಿಕೆ ಇತ್ತು.

ನಮ್ಮ ಸರದಿ ಬಂತು. ಗೆರೆ ಹಿಡಿದು, ತಿರುವು ತಿರುಗಿ, ಗಾಡಿ ಲಕ್ಷಣವಾಗಿ ಹೊರಟಿತು. ಮೊದಲ ಪೆಟ್ಟಿಗೆ ಹತ್ತಿರ ಬಂತು. ಈಗ ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಸೀದಾ ಹೋಗಿ ಪೆಟ್ಟಿಗೆಗೆ ಗುದ್ದಿ, ಅದನ್ನು ನೂಕಿಕೊಂಡೇ ಮುಂದೆ ನಡೆಯಿತು.

‘ನಿಂದ್ರಲೇ! ನಿಂದ್ರು!’ ಎಂದು ಇಡೀ ಹಾಲಿಗೆ ಕೇಳುವಂತೆ ಚೀರಿದೆ. ಯಂತ್ರಕ್ಕೆ ನನ್ನ ಬೈಗುಳ ಎಲ್ಲಿ ಕೇಳಬೇಕು. ಪಕ್ಕದಲ್ಲಿ ಗೆಳತಿ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟಿದ್ದಳು.

‘ಲಿಂಬಿಹಣ್ಣು! ಲೇ, ಲಿಂಬಿಹಣ್ಣಿಗೆ ಹಾಕಿದ್ದ ಗೆರಿ ತಗೀಲೇ ಇಲ್ಲ!’

ಮೊದಲ ಸುತ್ತು ಸೊನ್ನೆ. ಅವಳು ಲ್ಯಾಪ್‌ಟಾಪ್ ತೆರೆದು ಆ ಎರಡು ಗೆರೆ ಅಳಿಸಿದಳು. ಎರಡನೆಯ ಸುತ್ತಿನಲ್ಲಿ ನಮ್ಮ ಗಾಡಿ ಒಂದೊಂದು ಪೆಟ್ಟಿಗೆಯ ಮುಂದೂ ಗೇಣು ದೂರದಲ್ಲಿ ಮರ್ಯಾದೆಯಿಂದ ನಿಂತಿತು, ತೆಗೆದ ಕೂಡಲೇ ಹೊರಟಿತು, ಕೊನೆಯ ಗೆರೆಯನ್ನೂ ದಾಟಿತು. ಮುಸಿಮುಸಿ ನಕ್ಕವರೇ ಚಪ್ಪಾಳೆ ಹೊಡೆದರು. ನಿರ್ಣಾಯಕರು ಬಗ್ಗಿ ಗಾಡಿಯನ್ನು ನೋಡಿ, ‘ಇಷ್ಟ ಚಲೋ ಓಡ್ತೈತಿ. ಮೊದಲನೇ ಸಲ ಏನಾಗಿತ್ತವಾ ಇದಕ್ಕ?’ ಎಂದು ಕೇಳಿದರು.

‘ಪೂಜಿ ಆಗಿತ್ರೀ ಸರ್’ ಎಂದಳು ಗೆಳತಿ.

ಅವರಿಗೆ ಏನೂ ತಿಳಿಯಲಿಲ್ಲ. ಮೂರು ತಂಡಗಳ ಹೆಸರು ಓದಿದರು, ನಮ್ಮದು ಇರಲಿಲ್ಲ.

ಸೋಮವಾರ ನಾನೇ ಹೋಗಿ ಕೀಲಿಕೈಯನ್ನು ಸರ್ ಮೇಜಿನ ಮೇಲೆ ಇಟ್ಟೆ. ಅವರು ಪಾಪ, ಮುಖ ಸಣ್ಣದು ಮಾಡಿಕೊಂಡು ‘ಮಾತ ಕೊಟ್ಟೇನವಾ ಆಫೀಸಿಗೆ’ ಎಂದರು. ನಮ್ಮ ಸಾಮಾನನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿದೆವು, ಬ್ಯಾನರ್ ಸುತ್ತಿದೆವು. ಮೇಜಿನ ಕಾಲಿಗೆ ಕೊಟ್ಟಿದ್ದ ಇಟ್ಟಿಗೆಯನ್ನು ಹಾಗೇ ಬಿಟ್ಟು ಹೊರಬಂದೆ. ನನ್ನ ಮನೆಯಲ್ಲಿ ಆ ಪೆಟ್ಟಿಗೆಗೆ ಜಾಗವಿಲ್ಲ. ಹಾಗಾಗಿ ಮತ್ತೆ ಬ್ಯಾಡಗಿಗೇ ಹೊತ್ತುಕೊಂಡು ಹೋದೆವು. ಇವತ್ತು ಆಯಿಗೆ ನಾಲ್ಕು ಮಾತು ಅಂದೇ ಬಿಡುತ್ತೇನೆ, ದೊಡ್ಡವರಾದರೇನಾಯಿತು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ.

ಆಯಿ ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಗೆಳತಿ ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಓರೆಗೆರೆ, ಪೆಟ್ಟಿಗೆ, ಸೊನ್ನೆ, ಕೀಲಿಕೈ, ಒಂದನ್ನೂ ಬಿಡಲಿಲ್ಲ. ಆಯಿಯ ಕೈ ನಿಂತಿತು.

‘ಅಂದ್ರ ಅವತ್ತ ಅದು ಸುಮ್ನ ನಿಂತಿದ್ದಲ್ಲ. ಲಿಂಬಿಹಣ್ಣ ಖರೇನ ಅದಕ್ಕ ಕಂಡಿತ್ತು?’ ಎಂದು ನನ್ನನ್ನು ಕೇಳಿದರು.

‘ಕಂಡಿತ್ರಿ ಆಯಿ.’

‘ಕಂಡದ್ದನ್ನ ಕಾಣಲಾರದಂಗ ಮಾಡಸಿದಾಕಿ ನಾ.’

‘ಹೋಗ್ಲಿ ಬಿಡ್ರಿ’ ಎಂದಷ್ಟೇ ಅಂದೆ. ಆಯಿ ಬಿಡಲಿಲ್ಲ. ‘ಆ ನಿಮ್ಮ ಖೋಲಿ ಎಷ್ಟ ದೊಡ್ಡದಿತ್ತು?’ ಎಂದು ಕೇಳಿದರು. ನಾನು ಪಡಸಾಲೆಯಲ್ಲಿ ನಡೆದು ಇಲ್ಲಿಂದ ಇಲ್ಲಿಗೆ ಎಂದು ತೋರಿಸಿದೆ. ಅವರು ನೋಡಿ, ಮತ್ತೆ ತೊಟ್ಟು ಮುರಿಯತೊಡಗಿದರು.

ಮುಂದಿನ ವಾರ ಗೆಳತಿ ‘ಬಾ’ ಎಂದಷ್ಟೇ ಹೇಳಿ ಕರೆದುಕೊಂಡು ಹೋದಳು. ಮೆಣಸಿನಕಾಯಿ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಒಂದು ಚೀಲವೂ ಇಲ್ಲ. ನೆಲ ತೊಳೆದಿತ್ತು, ನಮ್ಮ ಬ್ಯಾನರ್ ಬೆನ್ನು ಮೇಲಾಗಿ ಹಾಸಿತ್ತು, ಗೋಡೆಯ ಬದಿಗೆ ಒಂದು ಮೇಜು. ಚೀಲಗಳೆಲ್ಲ ಪಡಸಾಲೆಯಲ್ಲಿ ಆಯಿ ಮಲಗುವ ಮಂಚದ ಕೆಳಗೆ, ತಲೆದೆಸೆಗೆ, ಕಾಲದೆಸೆಗೆ ಒಟ್ಟಿದ್ದವು.

‘ಆಯಿ, ಇಷ್ಟ ಘಾಟಿನ್ಯಾಗ ಮಲಕೊಂಡ್ರ ಕೆಮ್ಮು ಬರಂಗಿಲ್ಲೇನ್ರಿ?’

‘ನಾ ಹುಟ್ಟಿದಾಗಿಂದ ಇದ ಘಾಟಿನ್ಯಾಗ ಅದೇನಿ. ನಿಮ್ಮ ಗಾಡಿಗೆ ಕೆಮ್ಮು ಬರ್ತೈತೇನ ನೋಡ್ರಿ ಮೊದಲ.’

ಒಳಗೆ ಹೋಗಿ ಬಾಗಿಲು ಹಾಕಿ ಚಿಲಕ ಎಳೆದೆ. ಎಷ್ಟು ತೊಳೆದರೂ ಗೋಡೆಯಲ್ಲಿ ಖಾರ ಉಳಿದಿತ್ತು, ಸೀನು ಬಂತು. ಆಮೇಲೆ ಅಳುವೂ ಬಂತು. ಘಾಟು ಅಂತ ಹೊರಗೆ ಹೇಳಬಹುದಿತ್ತು, ಆದರೆ ನಾನು ಅತ್ತದ್ದು ಘಾಟಿಗಲ್ಲ.

ಮರುವರ್ಷದ ಗಾಡಿಯನ್ನು ಅದೇ ಕೋಣೆಯಲ್ಲಿ ಕಟ್ಟಿದೆವು. ಹೊರಡುವ ದಿನ ಬೆಳಿಗ್ಗೆ ಆಯಿ ವಿಭೂತಿ, ಕುಂಕುಮ, ನಿಂಬೆಹಣ್ಣು ಹಿಡಿದು ಬಾಗಿಲಿಗೆ ಬಂದರು. ಗೆಳತಿ ಲ್ಯಾಪ್‌ಟಾಪಿಗೆ ಕೈ ಹಾಕಿದಳು.

‘ಅದನ್ನ ಮುಟ್ಟಬ್ಯಾಡ’ ಎಂದರು ಆಯಿ. ‘ಹಂಗ ಬಿಡು.’

ನಿಂಬೆಹಣ್ಣನ್ನು ಗಾಡಿಯ ಮುಂದೆ ಇಟ್ಟು, ಮೊಣಕಾಲು ಹಿಡಿದುಕೊಂಡು ಎದುರಿಗೇ ಕೂತರು. ಗೆಳತಿ ಸ್ವಿಚ್ ಒತ್ತಿದಳು. ಗಾಡಿ ಹೊರಟು, ಹಣ್ಣಿನ ಮುಂದೆ ಗೇಣು ದೂರದಲ್ಲಿ ನಿಂತಿತು. ಆಯಿ ಅದರ ಎರಡು ದುಂಡು ಕಣ್ಣುಗಳನ್ನು ನೋಡುತ್ತ ಸ್ವಲ್ಪ ಹೊತ್ತು ಕಾದರು. ಅದು ಅಲುಗಲಿಲ್ಲ.

‘ಕಂಡೈತಿ ಅದಕ್ಕ. ಅಷ್ಟ ಸಾಕು’ ಎಂದು ಹಣ್ಣು ಎತ್ತಿಕೊಂಡರು. ದಾರಿ ಬಿಟ್ಟದ್ದೇ ಗಾಡಿ ಹೊಸ್ತಿಲ ಕಡೆ ಹೊರಟಿತು. ಆಯಿ ಒಳಗೆ ಹೋಗಿ ಆ ಹಣ್ಣು ಕೊಯ್ದು ಹಿಂಡಿ, ನಮ್ಮಿಬ್ಬರಿಗೂ ಒಂದೊಂದು ಲೋಟ ಶರಬತ್ತು ಮಾಡಿ ತಂದರು.